ರುಚಿಗಾರ ನುಂಕಪ್ಪನಿಗೆ ವಿಷ ಹಾಕಿದ್ದು ಯಾರು

ಹೂಂ ಅನ್ನೋರು ಮುಂದೆ ಬನ್ರಿ. ಆಕಳಿಸೋರು ಹಿಂದೆ ಗೋಡೆಗೆ ಒರಗ್ರಿ. ನಡುವೆ ಎದ್ದು ಹೋಗೋರು ಈಗಲೇ ಹೋಗಿಬಿಡ್ರಿ, ಆಮೇಲೆ ವಿಷ ಹಾಕಿದ್ದು ಯಾರು ಅಂತ ಕೇಳಿಕೊಂಡು ನನ್ನ ಮನೆ ಬಾಗಿಲಿಗೆ ಬರಬ್ಯಾಡ್ರಿ.

ಒಂದು ಕಾಲದಲ್ಲಿ, ಒಂದು ಸೀಮೆಯಲ್ಲಿ, ಒಂದು ಗುಡ್ಡದ ನೆತ್ತಿ ಮೇಲೆ ಒಂದು ಕೋಟೆ ಇತ್ತು. ಯಾವ ಸೀಮೆ ಅಂತ ಕೇಳಬ್ಯಾಡ್ರಿ. ಹೆಸರು ಹೇಳಿದರೆ ಆ ಊರಿನ ಬೀಗರು ನಿಮ್ಮಲ್ಲೇ ಯಾರಾದರೂ ಇರ್ತಾರೆ, ನಾಳೆ ನನಗೆ ಕುಡಿಯೋಕೆ ಮಜ್ಜಿಗೆ ಸಿಗೋದಿಲ್ಲ. ಆ ಕೋಟೆಗೆ ಒಬ್ಬ ಪಾಳೆಗಾರ, ಸೂರಪ್ಪ ನಾಯಕ ಅಂತ. ಕೋಟೆ ಮೇಲೆ ನಿಂತು ಒಬ್ಬ ಆಳು ಗಟ್ಟಿಯಾಗಿ ಕೂಗಿದರೆ ಅವನ ರಾಜ್ಯಕ್ಕೆಲ್ಲ ಕೇಳ್ತಿತ್ತು. ಅಷ್ಟು ರಾಜ್ಯ. ನಾಯಕನ ಮನಸ್ಸಿನಲ್ಲಿ ಮಾತ್ರ ಅದು ಹಾಗಿರಲಿಲ್ಲ. ಭೂಮಿ ಮೇಲಿನ ರಾಜರೆಲ್ಲ ಬೆಳಗ್ಗೆ ಎದ್ದ ಕೂಡಲೇ ತನ್ನ ಕೋಟೆ ಕಡೆ ಮುಖ ಮಾಡಿ ಹೊಟ್ಟೆ ಉರಕೊಳ್ತಾರೆ ಅಂತ ಅವನ ನಂಬಿಕೆ. ಮೀಸೆ ತಿರುವಿ ಮಲಗೋನು, ಮೀಸೆ ತಿರುವಿ ಏಳೋನು.

ಅವನ ಹೆಂಡತಿ ಚೆಲುವವ್ವ. ನಾಯಕನ ಹೆಂಡತಿಗೆ ಆ ಕಡೆ ನಾಗತಿ ಅಂತಾರೆ, ನಾವೂ ಹಾಗೇ ಅನ್ನೋಣ. ನಾಗತಿಗೆ ಮಾತು ಕಡಿಮೆ. ಗಂಡ ಏನು ಹೇಳಿದರೂ ಹೌದೌದು ಅನ್ನೋಳು, ಆಮೇಲೆ ತನಗೆ ಸರಿ ಕಂಡದ್ದನ್ನ ಮಾಡೋಳು. ಇಬ್ಬರ ನಡುವೆ ಜಗಳ ಅನ್ನೋದೇ ಇರಲಿಲ್ಲ. ಹೆಂಗಸರು ಯಾಕೆ ನಗ್ತಿದ್ದೀರಿ? ನಾನು ಕಥೆ ಹೇಳ್ತಿರೋದು.

ಈಗ ನೀವೇ ಹೇಳ್ರಿ, ಅಷ್ಟೊಂದು ಶತ್ರುಗಳಿರೋ ನಾಯಕ ಸುಮ್ಮನೆ ಅನ್ನಕ್ಕೆ ಕೈ ಹಾಕೋಕೆ ಆಗ್ತದಾ? ಯಾರಾದರೂ ವಿಷ ಬೆರೆಸಿದ್ದರೆ? ಅದಕ್ಕೇ ಅವನು ಒಬ್ಬ ರುಚಿಗಾರನನ್ನ ಇಟ್ಟುಕೊಂಡಿದ್ದ. ನಾಯಕ ಉಣ್ಣೋದಕ್ಕೆ ಮುಂಚೆ ಪ್ರತಿಯೊಂದನ್ನೂ ತಾನು ಉಂಡು, ಸಾಯಲಿಲ್ಲ ಅಂತ ತೋರಿಸೋದು ಅವನ ಕೆಲಸ. ಹೆಸರು ನುಂಕಪ್ಪ. ಹೆಸರಿಗೆ ತಕ್ಕ ಹಾಗೆ ನುಂಗೋದರಲ್ಲಿ ಗಟ್ಟಿಗ. ಮೊದಮೊದಲು ಒಂದು ತುತ್ತು ತಿಂದು ನೋಡ್ತಿದ್ದ. ಆಮೇಲೆ, ಒಂದು ತುತ್ತಿನಲ್ಲಿ ವಿಷ ಗೊತ್ತಾಗೋದಿಲ್ಲ ಬುದ್ಧಿ ಅಂತ ಒಂದು ಹಿಡಿ. ಆಮೇಲೆ, ವಿಷ ತಳದಲ್ಲಿ ಕೂತಿರ್ತದೆ ಬುದ್ಧಿ ಅಂತ ಒಂದು ಬಟ್ಟಲು. ಅವನು ತಿಂದು, ನೀರು ಕುಡಿದು, ತೇಗಿ, ಇನ್ನೂ ಬದುಕಿದೀನಿ ಅಂತ ಹೇಳೋ ಹೊತ್ತಿಗೆ ನಾಯಕನ ಮುಂದಿನ ಅನ್ನ ಆರಿ ತಣ್ಣಗಾಗಿರ್ತಿತ್ತು. ನುಂಕಪ್ಪ ಬಂದ ಮೇಲೆ ನಾಯಕ ಬಿಸಿ ಅನ್ನ ಕಂಡಿದ್ದೇ ಇಲ್ಲ. ಅದನ್ನೂ ಅವನು ದೊಡ್ಡಸ್ತಿಕೆ ಅಂತಲೇ ತಿಳಕೊಂಡಿದ್ದ.

ಕೇಳ್ರಿ, ಕಾರಹುಣ್ಣಿಮೆ ದಿನ ಬಂತು. ಕೋಟೆಯಲ್ಲಿ ಗೋದಿ ಹುಗ್ಗಿ ಮಾಡಿದ್ದರು. ಅಡುಗೆ ಮಾಡೋಳು ಸಣ್ಣವ್ವ. ಹೆಸರು ಸಣ್ಣವ್ವ, ನಿಂತರೆ ಬಾಗಿಲು ತುಂಬ್ತಿದ್ದಳು. ನಾಗತಿ ಮದುವೆಯಾಗಿ ಬರುವಾಗ ತವರಿನಿಂದ ಜೊತೆಗೆ ಬಂದವಳು ಅವಳು. ಕೈ ಒಳ್ಳೆಯದು, ಬಾಯಿ ಜೋರು. ಅವತ್ತು ಬೆಳಗ್ಗೆ ನಾಯಕ, ನಿನ್ನೆ ಸಾರು ಸರಿ ಇರಲಿಲ್ಲ ಅಂತ ಹೇಳಿ ಕಳಿಸಿದ್ದ. ಸಣ್ಣವ್ವ ಒಲೆ ಮುಂದಿನಿಂದಲೇ, ಆರಿದ ಸಾರು ಉಣ್ಣೋ ಬಾಯಿಗೆ ನಾನು ಅಮೃತ ಬಡಿಸಿದರೂ ಅಷ್ಟೇ, ವಿಷ ಬಡಿಸಿದರೂ ಅಷ್ಟೇ ಅಂದಿದ್ದಳು. ಮೆಲ್ಲಗೆ ಅಂದಿದ್ದರೆ ಆಗ್ತಿತ್ತು. ಕೋಟೆಗೆಲ್ಲ ಕೇಳಿಸೋ ಹಾಗೆ ಅಂದಳು.

ಮಧ್ಯಾಹ್ನ ಪಂಕ್ತಿ ಕೂತಿತು. ನುಂಕಪ್ಪ ಬಂದ, ಕೂತ, ಹುಗ್ಗಿ ಬಟ್ಟಲು ಎತ್ತಿದ. ಒಂದು ಬಾಯಿ ತಿಂದ. ಎರಡು ಬಾಯಿ ತಿಂದ. ಮೂರನೇ ತುತ್ತು ಬಾಯಿ ಹತ್ತಿರ ತಂದ, ಕೈ ಹಾಗೇ ನಿಂತುಬಿಟ್ಟಿತು. ಮುಖ ಕೆಂಪಡರಿತು, ಕಣ್ಣು ಗೂಬೆ ಕಣ್ಣಿನ ಹಾಗೆ ಅಗಲವಾದವು. ನಾಯಕನ ಕಡೆ ನೋಡಿ, ಈ ಮೇಕೆಮರಿಗೆ ಇಷ್ಟು ದೊಡ್ಡ ಮೀಸೆ ಯಾರು ಅಂಟಿಸಿದರು ಅಂತ ಕೇಳಿದ. ಪಂಕ್ತಿಯವರು ನಗಬೇಕೋ ಅಳಬೇಕೋ ಗೊತ್ತಾಗದೆ ಎಲೆ ನೋಡ್ತಾ ಕೂತರು. ನುಂಕಪ್ಪ ಗಾಳಿಯಲ್ಲಿ ಏನನ್ನೋ ಹಿಡಿಯೋಕೆ ಕೈ ಚಾಚಿ, ದಬ್ಬಂತ ಬಿದ್ದ.

ವೈದ್ಯ ಓಡಿ ಬಂದ. ಕಣ್ಣು ಬಿಡಿಸಿ ನೋಡಿದ, ಒಣಗಿದ ನಾಲಿಗೆ ನೋಡಿದ. ಇದು ಉಮ್ಮತ್ತಿ ಬೀಜದ ವಿಷ, ಬಾಯಿ ಒಣಗಿಸಿ ತಲೆ ಕೆಡಿಸ್ತದೆ, ಹೊಟ್ಟೆಗೆ ಹೋಗಿರೋದು ಕಡಿಮೆ ಏನಲ್ಲ ಅಂದ. ವಾಂತಿ ಮಾಡಿಸಿದ, ಕಷಾಯ ಕುಡಿಸಿದ, ರಾತ್ರಿಯೆಲ್ಲ ಪಕ್ಕದಲ್ಲಿ ಕೂತ. ನುಂಕಪ್ಪನ ಪುಣ್ಯ ದೊಡ್ಡದು, ಮಾರನೇ ದಿನ ಸಂಜೆಗೆ ಕಣ್ಣು ಬಿಟ್ಟು ಗಂಜಿ ಕೇಳಿದ.

ಈಗ ನೀವು ನಾಯಕನ ಮುಖ ನೋಡಬೇಕಿತ್ತು. ಹೆದರಿದ್ದನಾ? ಹೆದರಿದ್ದ, ಸುಳ್ಳಲ್ಲ. ಆದರೆ ಹೆದರಿಕೆಯ ಕೆಳಗೆ ಒಂದು ಸಂತೋಷ ಇತ್ತು, ಮುಚ್ಚಿಟ್ಟರೂ ಮೀಸೆ ತುದಿಯಲ್ಲಿ ಇಣುಕ್ತಿತ್ತು. ನನಗೆ ವಿಷ ಹಾಕಿದರು ಕಣೇ ಅಂತ ನಾಗತಿ ಹತ್ತಿರ ಹೇಳಿದ. ಸಂತೆಗೆ ಬಂದ ವ್ಯಾಪಾರಿಗಳನ್ನ ಕರೆಸಿ ಹೇಳಿದ. ದಾರಿ ತಪ್ಪಿ ಬಂದ ಜೋಗಿಯನ್ನೂ ಕೂರಿಸಿಕೊಂಡು ಹೇಳಿದ. ವಿಷ ಹಾಕಿದವರನ್ನ ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮಾರನೇ ದಿನ ಕೋಟೆಯ ಬಂಡೆ ಮೇಲಿಂದ ಕೆಳಕ್ಕೆ ತಳ್ಳಿಸ್ತೀನಿ ಅಂತ ಡಂಗುರ ಹೊಡೆಸಿದ.

ಯಾರು ಹಾಕಿದ್ದು? ಮೊದಲ ಅನುಮಾನ ಎದುರು ಗುಡ್ಡದ ಪಾಳೆಗಾರನ ಮೇಲೆ. ಆಳು ಓಡಿದ, ಕೇಳಿಕೊಂಡು ಬಂದ. ಇದು ಬಿತ್ತನೆ ಕಾಲ, ಯಾರಿಗೂ ವಿಷ ಹಾಕೋಕೆ ನನಗೆ ಪುರುಸೊತ್ತಿಲ್ಲ, ಅಂದಹಾಗೆ ನಿಮ್ಮ ನಾಯಕನ ಹೆಸರೇನು ಅಂತ ಅವನು ಕೇಳಿದನಂತೆ. ಸೂರಪ್ಪ ನಾಯಕ ಅವತ್ತು ಮೀಸೆ ತಿರುವದೇ ಮಲಗಿದ.

ಎರಡನೇ ಅನುಮಾನ ಸ್ವಂತ ತಮ್ಮನ ಮೇಲೆ. ಅಣ್ಣ ಸತ್ತರೆ ಕೋಟೆ ತಮ್ಮನಿಗೆ ತಾನೇ? ತಮ್ಮ ಪಾರಿವಾಳ ಸಾಕಿಕೊಂಡು ಆರಾಮಾಗಿದ್ದವನು. ಅಣ್ಣ ಕೇಳಿದ್ದಕ್ಕೆ ಅವನಿಗೆ ನಗು ತಡೆಯೋಕಾಗಲಿಲ್ಲ. ದಿನಾ ಬೆಳಗ್ಗೆ ಬದುವಿನ ಜಗಳ ಕೇಳೋದು ಯಾರಿಗೆ ಬೇಕು, ನೀನು ನೂರು ವರ್ಷ ಬಾಳು, ಬೇಕಾದರೆ ಅದಕ್ಕೊಂದು ಹರಕೆ ಹೊರ್ತೀನಿ ಅಂದ. ನಾಯಕನಿಗೆ ಅದೂ ಅವಮಾನವೇ ಅನ್ನಿಸಿತು.

ಮೂರನೇ ಅನುಮಾನ? ಹುಗ್ಗಿ ಮಾಡಿದ್ದು ಯಾರು, ವಿಷದ ಮಾತು ಗಟ್ಟಿಯಾಗಿ ಆಡಿದ್ದು ಯಾರು? ಸಣ್ಣವ್ವನನ್ನ ಹಿಡಿದು ಕತ್ತಲೆ ಕೋಣೆಗೆ ಹಾಕಿದರು. ಆ ಬಾಗಿಲಿನಲ್ಲಿ ಅವಳನ್ನ ಒಳಗೆ ತೂರಿಸೋಕೆ ಇಬ್ಬರು ಕಾವಲುಗಾರರು ಬೇಕಾದರು. ಒಳಗೆ ಹೋದ ಮೇಲೆ ಸಣ್ಣವ್ವ ಅರಚಲಿಲ್ಲ. ಅದೇ ನಾಗತಿಗೆ ಭಯವಾಗಿದ್ದು. ಕಿಂಡಿಯಲ್ಲಿ ಮುಖ ಇಟ್ಟು ನೋಡಿದರೆ, ಆ ಜೋರು ಬಾಯಿ ಮುಚ್ಚಿಕೊಂಡು, ಮೊಣಕಾಲು ತಬ್ಬಿಕೊಂಡು, ಗೋಡೆ ಕಡೆ ತಿರುಗಿ ಕೂತಿದ್ದಳು. ನಾನು ಮಾಡಿಲ್ಲ ಅಂತಲೂ ಅನ್ನಲಿಲ್ಲ. ನೀನು ಚಿಕ್ಕವಳಿದ್ದಾಗ ಗೋದಿ ಹುಗ್ಗಿ ಅಂದರೆ ಕುಣೀತಿದ್ದೆ ಅಂತ ಮಾತ್ರ ಅಂದಳು.

ನಾಗತಿ ಕಿಂಡಿಯಿಂದ ಈಚೆ ಬಂದಳು. ಅಳು ಬಂತು, ನುಂಗಿದಳು. ಗಂಡನ ಹತ್ತಿರ ಹೋಗಿ ಬೇಡಿಕೊಂಡಳಾ? ಇಲ್ಲ. ಬೇಡಿಕೊಂಡರೆ ಅವನು ಇನ್ನೂ ಬಿಗಿಯಾಗ್ತಾನೆ ಅಂತ ಗೊತ್ತಿತ್ತು. ನೀವು ಹೇಳಿದ್ದೇ ಸರಿ, ವಿಚಾರಿಸೋದನ್ನ ಚೆನ್ನಾಗಿ ವಿಚಾರಿಸೋಣ ಅಂತ ಅಂದು, ಸೆರಗು ಸಿಕ್ಕಿಸಿ ಹೊರಟಳು.

ಮೊದಲು ಹೋಗಿದ್ದು ಎಲ್ಲಿಗೆ? ಕೋಟೆ ಹಿಂದಿನ ಹುಣಸೆಮರದ ಬುಡಕ್ಕೆ. ಅವತ್ತಿನ ಹುಗ್ಗಿಯನ್ನೆಲ್ಲ ಹಂಡೆ ಸಮೇತ ಅಲ್ಲಿ ಸುರುವಿದ್ದರು. ಈಗ ನೆಲ ನೆಕ್ಕಿಟ್ಟ ಹಾಗೆ ಚೊಕ್ಕವಾಗಿತ್ತು. ಕಸ ಗುಡಿಸೋ ಮುದುಕಿಯನ್ನ ಕರೆದು ಕೇಳಿದಳು, ಇದನ್ನ ತಿಂದಿದ್ದು ಯಾರು ಅಂತ. ಮುದುಕಿ ಹೇಳಿದಳು: ಕಾಗೆ ತಿಂದವು, ನಾಯಿ ತಿಂದವು, ಕಾವಲುಗಾರನ ಮೇಕೆ ತಿಂದಿತು. ಸತ್ತವಾ? ಎಲ್ಲಿ ಸತ್ತವು ತಾಯಿ, ಆ ನಾಯಿ ಅವತ್ತಿನಿಂದ ಇಲ್ಲೇ ಕೂತಿದೆ, ಇನ್ನೊಂದು ಸಲ ಸುರುವ್ತಾರೇನೋ ಅಂತ. ನಾಗತಿ ನಾಯಿ ಕಡೆ ನೋಡಿದಳು. ನಾಯಿ ಬಾಲ ಅಲ್ಲಾಡಿಸಿತು.

ಹಾಗಾದರೆ ಹಂಡೆಯಲ್ಲಿ ವಿಷ ಇರಲಿಲ್ಲ. ಬಟ್ಟಲಿನಲ್ಲಿ ಇತ್ತಾ? ಬಡಿಸಿದ ಹುಡುಗಿಯನ್ನ ಕರೆಸಿ, ನುಂಕಪ್ಪ ಬಂದಾಗಿನಿಂದ ಏನೇನಾಯ್ತು, ಮೊದಲಿನಿಂದ ಹೇಳು ಅಂದಳು. ಎಲ್ಲರೂ ಆ ಹುಡುಗಿಯನ್ನ ಕೇಳಿದ್ದು ಅವನು ಹೇಗೆ ಬಿದ್ದ ಅಂತ. ಹೇಗೆ ಬಂದ ಅಂತ ಯಾರೂ ಕೇಳಿರಲಿಲ್ಲ. ಹುಡುಗಿ ನೆನಪು ಮಾಡಿಕೊಂಡಳು. ಬಂದವನೇ ಬಾಯಿ ಒಣಗ್ತಿದೆ ಅಂತ ನೀರು ಕೇಳಿದನಂತೆ. ಕುಡಿದು ಮತ್ತೆ ಕೇಳಿದನಂತೆ. ಹೊಸ್ತಿಲು ಎಡವಿದನಂತೆ. ಆಮೇಲೆ ಕಂಬಕ್ಕೆ ಕೈ ಮುಗಿದು, ಮಾವನವರು ಯಾವಾಗ ಬಂದಿರಿ ಅಂತ ಕುಶಲ ಕೇಳಿದನಂತೆ. ತಮಾಷೆ ಮಾಡ್ತಾನೆ ಅಂತ ತಿಳಕೊಂಡೆ ಅಂದಳು ಹುಡುಗಿ.

ಆಗ ನಾಗತಿಗೆ ಹೊಳೀತು. ವಿಷ ಕೋಟೆಯಲ್ಲಿ ಸಿಕ್ಕಿದ್ದಲ್ಲ. ನುಂಕಪ್ಪ ಅದನ್ನ ಹೊಟ್ಟೆಯಲ್ಲಿ ಇಟ್ಟುಕೊಂಡೇ ಕೋಟೆ ಹತ್ತಿದ್ದ. ಅಲ್ಲಿಗೆ ವಿಷ ನಾಯಕನಿಗೆ ಹಾಕಿದ್ದೂ ಅಲ್ಲ. ನೋಡಿ, ಇಷ್ಟು ದಿನ ಎಲ್ಲರೂ ನಾಯಕನ ಶತ್ರು ಯಾರು ಅಂತ ಹುಡುಕಿದರು. ನುಂಕಪ್ಪನ ಮೇಲೆ ಯಾರಿಗೆ ಸಿಟ್ಟು ಅಂತ ಒಬ್ಬರಾದರೂ ಕೇಳಿದ್ದರಾ?

ನುಂಕಪ್ಪ ಕೋಟೆಯ ಪಡಸಾಲೆಯಲ್ಲಿ ಮೆತ್ತನೆ ಹಾಸಿಗೆ ಮೇಲೆ ಮಲಗಿದ್ದ. ಒಡೆಯನಿಗಾಗಿ ವಿಷ ಉಂಡವನು ಅಂತ ನಾಯಕ ಶಾಲು ಹೊದಿಸಿದ್ದ. ಸುತ್ತ ಜನ. ನುಂಕಪ್ಪನ ಕಥೆ ದಿನದಿನಕ್ಕೆ ಬೆಳೀತಿತ್ತು. ಮೊದಲ ದಿನ ವಿಷ ಅಂತ ಗೊತ್ತಾಗಲೇ ಇಲ್ಲ ಅಂದಿದ್ದ. ಎರಡನೇ ದಿನ ನಾಲಿಗೆಗೆ ಅನುಮಾನ ಬಂತು ಅಂದ. ಮೂರನೇ ದಿನಕ್ಕೆ, ವಿಷ ಅಂತ ಗೊತ್ತಿದ್ದೂ, ನಾನು ನುಂಗದಿದ್ದರೆ ನಮ್ಮ ಬುದ್ಧಿಯೋರು ನುಂಗ್ತಾರಲ್ಲ ಅಂತ ಕಣ್ಣು ಮುಚ್ಚಿ ನುಂಗಿಬಿಟ್ಟೆ ಅಂತಿದ್ದ. ನಾಗತಿ ಬಂದಾಗ ಅದೇ ಜಾಗಕ್ಕೆ ತಲುಪಿದ್ದ.

ಜನರನ್ನೆಲ್ಲ ಕಳಿಸಿ ಅವಳು ಕೂತಳು. ಅವತ್ತು ಬೆಳಗ್ಗೆ ಮನೆಯಲ್ಲಿ ಏನು ತಿಂದಿದ್ದೆ ಅಂತ ಕೇಳಿದಳು. ನುಂಕಪ್ಪನಿಗೆ ನೋವಾಯ್ತು. ರುಚಿಗಾರ ಮನೆಯಲ್ಲಿ ಉಂಡು ಬರ್ತಾನಾ ತಾಯಿ? ಹಸಿದ ಹೊಟ್ಟೆಯಲ್ಲೇ ಬರಬೇಕು, ಅದು ಕೆಲಸದ ನೇಮ. ಸಂಜೆ ಹೋದ ಮೇಲೆ? ಸಂಜೆ ಹೊಟ್ಟೆ ತುಂಬಿರ್ತದಲ್ಲ, ಉಣ್ಣೋದೆಲ್ಲಿ. ಮದುವೆಯಾದಾಗಿನಿಂದಲೂ ಹೀಗೇನಾ? ಹೀಗೇ ಅಂದ, ಹೆಮ್ಮೆಯಿಂದ. ಆಮೇಲೆ ನಿಟ್ಟುಸಿರು ಬಿಟ್ಟು, ಗಂಜಿ ಕುಡಿಯೋದು ಹಾಗಿರಲಿ, ವೈದ್ಯ ಎಲೆಅಡಿಕೆ ಬಿಡಿಸಿದ್ದಾನೆ ತಾಯಿ, ಅದೇ ದೊಡ್ಡ ಶಿಕ್ಷೆ ಅಂದ. ಸೊಂಟದ ಸಂಚಿ ತೆಗೆದು ತೋರಿಸಿದ. ಒಳಗೆ ಬಾಡಿದ ಬೀಡಗಳು, ಒಂದೊಂದಕ್ಕೂ ಲವಂಗ ಚುಚ್ಚಿ ಮಡಿಸಿದ್ದು, ಹಾಗೇ ಇದ್ದವು. ಯಾರು ಮಡಿಸಿದ್ದು? ಇನ್ಯಾರು, ಮನೆಯಾಕೆ. ಮಾಳಕ್ಕ. ದಿನಾ ಮಡಿಸಿಕೊಡ್ತಾಳೆ, ದಾರಿಯುದ್ದ ಜಗಿದುಕೊಂಡು ಬರ್ತೀನಿ.

ಏನೂ ತಿಂದಿಲ್ಲ ಅಂದೆಯಲ್ಲ ಅಂದಳು ನಾಗತಿ.

ಎಲೆಅಡಿಕೆ ತಿನ್ನೋದು ಅಂದರೆ ತಿನ್ನೋದಾ ತಾಯಿ ಅಂದ ನುಂಕಪ್ಪ.

ನಾಗತಿ ಒಂದು ಬೀಡ ಎತ್ತಿಕೊಂಡು ಬಿಚ್ಚಿದಳು. ಸುಣ್ಣ, ಅಡಿಕೆ, ಅದರ ನಡುವೆ ಕಂದು ಬಣ್ಣದ ತರಿ ಪುಡಿ. ಮತ್ತೆ ಮಡಿಸಿದಳು. ಉಳಿದ ಸಂಚಿಯನ್ನೂ ಇಸಕೊಂಡು ಸೆರಗಿನ ಗಂಟಿಗೆ ಕಟ್ಟಿದಳು. ಯಾಕೆ ಅಂತ ಅವನು ಕೇಳಲಿಲ್ಲ. ಅಷ್ಟು ಹೊತ್ತಿಗೆ ಗಂಜಿ ಬಂದಿತ್ತು.

ಗುಡ್ಡ ಇಳಿಯೋವಾಗ ನಾಗತಿಗೆ ಇನ್ನೊಂದು ಯೋಚನೆ ಹತ್ತಿತು. ಸಣ್ಣವ್ವ ಬದುಕ್ತಾಳೆ, ಸರಿ. ಆದರೆ ಬಂಡೆ ಮೇಲೆ ಈಗ ಇನ್ನೊಬ್ಬ ಹೆಂಗಸು ನಿಲ್ಲಬೇಕಾಗ್ತದೆ. ಡಂಗುರ ಹೊಡೆದಾಗಿದೆ, ನಾಯಕ ಆಡಿದ ಮಾತು ಹಿಂದಕ್ಕೆ ತಗೊಳ್ಳೋನಲ್ಲ. ಹೋಗದೆ ಇದ್ದುಬಿಡಲಾ ಅಂತ ಒಂದು ಸಲ ನಿಂತಳು. ಕತ್ತಲೆ ಕೋಣೆ ನೆನಪಾಯ್ತು. ಮತ್ತೆ ಇಳಿದಳು.

ಮಾಳಕ್ಕನ ಮನೆ ಊರಿನ ಕೊನೆಯಲ್ಲಿ. ಗುಡಿಸಿ ಸಾರಿಸಿದ ಅಂಗಳ. ಬಾಗಿಲಲ್ಲಿ ಬಂದು ನಿಂತ ಹೆಂಗಸು ತೆಳ್ಳಗೆ, ನಿದ್ದೆಯಿಲ್ಲದ ಕಣ್ಣು. ನಾಗತಿಯನ್ನ ಕಂಡು ಅವಳ ಕೈ ಬಾಗಿಲು ಹಿಡಕೊಂಡಿತು. ನಾಗತಿ ಏನೂ ಹೇಳಲಿಲ್ಲ. ನಡೆದು ಹಸಿವಾಗಿದೆ, ಏನಾದರೂ ಇದೆಯಾ ಅಂತ ಕೇಳಿದಳು.

ಮಾಳಕ್ಕ ಗಾಬರಿಯಿಂದ ಒಳಗೆ ಓಡಿದಳು. ಮಣೆ ಹಾಕಿದಳು, ತಟ್ಟೆ ಇಟ್ಟಳು, ಬಿಸಿ ಮುದ್ದೆ, ಹುರುಳಿಸಾರು ಬಡಿಸಿದಳು. ನಾಗತಿ ಒಂದು ತುತ್ತು ಮುರಿದು ಅದ್ದಿ ಬಾಯಿಗಿಟ್ಟಳು. ಹೇಗಿತ್ತು ಅಂತೀರಿ? ಉಪ್ಪು. ಬರೀ ಉಪ್ಪು. ಸಮುದ್ರದಲ್ಲಿ ಹುರುಳಿ ಬೇಯಿಸಿದ ಹಾಗೆ. ಕಣ್ಣಲ್ಲಿ ನೀರು ಬಂತು. ಆದರೆ ಎದುರಿಗೆ ಕೂತ ಮಾಳಕ್ಕ ಅವಳ ಬಾಯಿಯನ್ನೇ ನೋಡ್ತಿದ್ದಳು, ಮಳೆಗೆ ಕಾಯೋರು ಮೋಡ ನೋಡ್ತಾರಲ್ಲ, ಹಾಗೆ. ನಾಗತಿ ಉಗುಳಲಿಲ್ಲ. ಎರಡನೇ ತುತ್ತು ಉಂಡಳು. ಮೂರನೇ ತುತ್ತು ಉಂಡಳು. ಮುದ್ದೆ ಮುಗಿಸಿ, ಚೊಂಬು ಎತ್ತಿ, ಕೆಳಗಿಳಿಸದೆ ನೀರು ಕುಡಿದಳು.

ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಬೀಡ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು, ಉಂಡ ಮೇಲೆ ಎಲೆಅಡಿಕೆ ಇಲ್ಲದಿದ್ದರೆ ಹೇಗೆ, ನಿನ್ನ ಕೈಯದೇ ಇದೆಯಲ್ಲ ಅಂತ ಬಾಯಿ ಹತ್ತಿರ ತಂದಳು.

ಮಾಳಕ್ಕ ಕೂತಲ್ಲಿಂದ ಹಾರಿದಳು. ನಾಗತಿಯ ಕೈಗೆ ಹೊಡೆದು ಬೀಡವನ್ನ ಮೂಲೆಗೆ ಚೆಲ್ಲಿದಳು. ನಾಗತಿಯ ಕೈಗೆ ಹೊಡೆದೆನಲ್ಲ ಅಂತ ಆಮೇಲೆ ತಿಳೀತು. ಹಾಗೇ ಕುಸಿದು ಕೂತು ಮುಖ ಮುಚ್ಚಿಕೊಂಡಳು.

"ಕೊಲ್ಲೋಕೆ ಹಾಕಿದ್ದಲ್ಲ ತಾಯಿ," ಅಂದಳು. "ಮನೆ ಕಡೆ ತಿರುಗಲಿ ಅಂತ ಹಾಕಿದ್ದು."

ಅವಳು ಹೇಳಿದ್ದನ್ನ ನಾನು ಹೇಳ್ತೀನಿ, ಕೇಳ್ರಿ. ಮದುವೆಯಾಗಿ ಬಂದ ದಿನದಿಂದ ಮಾಳಕ್ಕ ದಿನಾ ಒಲೆ ಹಚ್ಚಿದಳು, ದಿನಾ ಎರಡು ತಟ್ಟೆ ಇಟ್ಟಳು, ದಿನಾ ಒಂದರಲ್ಲಿ ಉಂಡಳು. ಗಂಡ ಬರ್ತಿದ್ದ, ಕೋಟೆಯ ಹೋಳಿಗೆ ವರ್ಣಿಸ್ತಿದ್ದ, ಕೋಟೆಯ ಪಲ್ಯ ವರ್ಣಿಸ್ತಿದ್ದ, ಮಲಗ್ತಿದ್ದ. ಮಾಡಿದ ಅಡುಗೆ ಮಾರನೇ ದಿನ ಬೀದಿಯ ಹಸುವಿಗೆ. ಅವಳ ಕೈಯಿಂದ ಅವನ ಬಾಯಿಗೆ ಹೋಗ್ತಿದ್ದದ್ದು ಆ ಬೀಡ ಒಂದೇ. ಹಾಗಿರುವಾಗ ಒಂದು ದಿನ ಪುಡಿ ಮಾರೋ ಹೆಂಗಸು ಬಂದಳು. ಗಂಡನನ್ನ ಮನೆಗೆ ಕಟ್ಟಿಹಾಕೋ ಪುಡಿ ನನ್ನ ಹತ್ತಿರ ಇದೆ, ಒಂದು ಚಿಟಿಕೆ ಹಾಕಿದರೆ ನಿನ್ನ ಸುತ್ತಲೇ ಗಿರಗಿರ ತಿರುಗ್ತಾನೆ ಅಂದಳು. ಆ ಕಾಲದ ಹೆಂಗಸು ನಂಬಿದಳು. ಈ ಕಾಲದವರು ನಂಬೋದಿಲ್ಲ ಅಂತ ನಾನೇನೂ ಹೇಳಲಾರೆ.

ಒಂದು ಚಿಟಿಕೆಗೆ ಇಷ್ಟು ಆಯ್ತಾ ಅಂತ ನಾಗತಿ ಕೇಳಿದಳು.

ಮಾಳಕ್ಕ ತಲೆ ಎತ್ತಲಿಲ್ಲ. ಚಿಟಿಕೆ ಅನ್ನೋದು ಹೊಸದಾಗಿ ಮದುವೆಯಾದವರಿಗೆ ಇರಬೇಕು, ನಂದು ಹಳೇ ಗಂಡ, ಅದು ಸಾಕಾಗೋದಿಲ್ಲ ಅಂತ ಎಲ್ಲ ಬೀಡಕ್ಕೂ ತುಂಬಿಬಿಟ್ಟೆ ಅಂದಳು.

ನಗು ಬರೋ ಮಾತೇ. ಆದರೆ ನಾಗತಿ ನಗಲಿಲ್ಲ. ನಿನ್ನ ಬದಲು ಇನ್ನೊಬ್ಬಳು ಕತ್ತಲೆಯಲ್ಲಿ ಕೂತಿದ್ದಾಳೆ, ಬಂಡೆ ಮೇಲಿಂದ ಬೀಳೋಕೆ ದಿನ ಎಣಿಸ್ತಿದ್ದಾಳೆ, ಅದು ಗೊತ್ತಿರಲಿಲ್ಲವಾ ಅಂತ ಕೇಳಿದಳು. ಗೊತ್ತಿತ್ತು ಅಂದಳು ಮಾಳಕ್ಕ. ಹೇಳಿಬಿಡೋಣ ಅಂತ ಎರಡು ಸಲ ಕೋಟೆ ಬಾಗಿಲಿಗೆ ಬಂದಿದ್ದಳಂತೆ. ಎರಡು ಸಲವೂ ಕಾವಲುಗಾರರು, ನುಂಕಪ್ಪನ ಹೆಂಡತಿ ಬಂದಳು ದಾರಿ ಬಿಡ್ರಿ ಅಂತ ಮರ್ಯಾದೆಯಿಂದ ಗಂಡನ ಹಾಸಿಗೆ ಹತ್ತಿರ ಬಿಟ್ಟರಂತೆ. ಗಂಡ ಶಾಲು ಹೊದ್ದು ತನ್ನ ಸಾಹಸ ಹೇಳ್ತಿದ್ದ. ಕೇಳ್ತಿದ್ದವರು ಇವಳಿಗೂ ಕೈ ಮುಗಿದರು. ಬಾಯಿ ಬರಲಿಲ್ಲ, ಮರಳಿ ಬಂದಳು. "ಈಗ ಬರ್ತೀನಿ, ನಡೀರಿ," ಅಂತ ಎದ್ದಳು. ಒಲೆಯ ಬೆಂಕಿ ಆರಿಸಿದಳು, ಬಾಗಿಲು ಹಾಕಿದಳು. ತಿರುಗಿ ಬರೋರು ಹಾಕೋ ಹಾಗೆ ಹಾಕಲಿಲ್ಲ, ಬೀಗದ ಕೈಯನ್ನ ಪಕ್ಕದ ಮನೆಗೆ ಕೊಟ್ಟಳು.

ಇತ್ತ ಕೋಟೆಯಲ್ಲಿ ನಾಯಕನ ಪಾಡು ಕೇಳ್ತೀರಾ? ನುಂಕಪ್ಪ ಬಿದ್ದ ಮೇಲೆ ರುಚಿ ನೋಡೋಕೆ ಯಾರೂ ಒಪ್ಪಿರಲಿಲ್ಲ. ನಾಯಕ ತಾನೇ ಕೈಯಾರೆ ಸುಲಿದ ಬಾಳೆಹಣ್ಣು, ತಾನೇ ಕೈಯಾರೆ ಒಡೆದ ತೆಂಗಿನಕಾಯಿ, ಇವೆರಡರ ಮೇಲೆ ಬದುಕಿದ್ದ. ಮೀಸೆ ಜೋತುಬಿದ್ದಿತ್ತು. ನಾಗತಿ ಮಾಳಕ್ಕನನ್ನ ಹೊರಗೆ ಕೂರಿಸಿ, ತಾನೇ ಅಡುಗೆಮನೆಗೆ ಹೋಗಿ ಅನ್ನ ಬಸಿದು, ಸಾರು ಮಾಡಿ, ಹೊಗೆಯಾಡೋ ತಟ್ಟೆ ತಂದು ಗಂಡನ ಮುಂದೆ ಇಟ್ಟಳು. ಅವನು ಕೈ ಹಿಂದಕ್ಕೆ ತಗೊಂಡ. ಅವಳು ಅದೇ ತಟ್ಟೆಯಿಂದ ಒಂದು ತುತ್ತು ತಿಂದಳು. ಅವನು ಅವಳನ್ನೇ ನೋಡಿದ. ಆಮೇಲೆ ತಾನೂ ತಿಂದ. ಬಾಯಿ ಸುಟ್ಟಿತು. ಸುಟ್ಟ ಬಾಯಲ್ಲೇ, ಅನ್ನ ಹೀಗಿರ್ತದಾ ಅಂತ ಕೇಳಿದ.

ಅರ್ಧ ಹೊಟ್ಟೆ ತುಂಬಲಿ ಅಂತ ಕಾದು ಅವಳು ಶುರು ಮಾಡಿದಳು. ವಿಷ ಹಾಕಿದ್ದು ಯಾರು ಅಂತ ಗೊತ್ತಾಯ್ತು ಅಂದಳು. ನಾಯಕ ನೆಟ್ಟಗೆ ಕೂತ. ಯಾವ ರಾಜ ಅಂತ ಕೇಳಿದ. ರಾಜ ಅಲ್ಲ. ಹಾಗಾದರೆ ಯಾವ ಪಾಳೆಗಾರ? ಪಾಳೆಗಾರನೂ ಅಲ್ಲ. ಹಾಗಾದರೆ ನನ್ನ ತಮ್ಮನೇ ಅನ್ನು. ತಮ್ಮನೂ ಅಲ್ಲ, ಸಣ್ಣವ್ವನೂ ಅಲ್ಲ. ಹುಣಸೆಮರದ ನಾಯಿಯಿಂದ ಹಿಡಿದು ಸಂಚಿಯ ಬೀಡದವರೆಗೆ ಎಲ್ಲ ಬಿಡಿಸಿ ಹೇಳಿದಳು. ಹೇಳಿ, ಕೊನೆಗೆ ಮೆಲ್ಲಗೆ ಅಂದಳು: "ನಿಮ್ಮನ್ನ ಕೊಲ್ಲಬೇಕು ಅಂತ ಯಾರೂ ಅಂದುಕೊಂಡಿಲ್ಲ."

ನಾಯಕನ ಕೈ ತಟ್ಟೆಯಲ್ಲೇ ನಿಂತಿತು. "ಒಬ್ಬರೂ ಇಲ್ಲವಾ?"

"ಒಬ್ಬರೂ ಇಲ್ಲ."

ಸಾಯೋದು ತಪ್ಪಿತು ಅಂತ ಸಂತೋಷಪಡಬೇಕಾದವನ ಮುಖ, ಬೀಗರ ಊಟಕ್ಕೆ ಕರೆಯೋದು ಮರೆತರೆ ಆಗ್ತದಲ್ಲ, ಹಾಗಾಗಿತ್ತು. ಊರಿಗೆಲ್ಲ ಹೇಳಿಬಿಟ್ಟಿದ್ದೀನಲ್ಲ, ಈಗ ರುಚಿಗಾರನ ಹೆಂಡತಿ ಬೀಡಕ್ಕೆ ಹಾಕಿದ ಪುಡಿ ಅಂದರೆ ನನ್ನ ಮುಖಕ್ಕೆ ನಗೋದಿಲ್ಲವಾ ಅಂದ. ನಾಗತಿಗೆ ಅವನ ಮೇಲೆ ಕನಿಕರ ಬಂತು. ಹತ್ತಿರ ಸರಿದು ಕೂತಳು. "ನಗೋರು ನಗಲಿ. ನಾಯಕರು ಊರೂರು ಹುಡುಕಿಸಿದರು, ಅವರಿಗೆ ಕೇಡು ಬಯಸೋರು ಒಬ್ಬರೂ ಸಿಗಲಿಲ್ಲ ಅಂತ ಡಂಗುರ ಹೊಡೆಸಿ. ಹಾಗಂತ ಹೊಡೆಸೋಕೆ ಎಷ್ಟು ಜನ ರಾಜರಿಗೆ ಆಗ್ತದೆ?"

ನಾಯಕ ಆ ಮಾತನ್ನ ಅನ್ನದ ಜೊತೆ ಅಗಿದ. ಅಗಿದಂತೆ ಅದು ಅವನಿಗೆ ರುಚಿಸಿತು. ಮೀಸೆ ಕಡೆ ಕೈ ಹೋಯ್ತು.

ಕತ್ತಲೆ ಕೋಣೆಯ ಬಾಗಿಲು ತೆಗೆಸಿದರು. ಸಣ್ಣವ್ವ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದಳು. ನಾಯಕ ಎಲ್ಲರ ಎದುರಿಗೆ ತಪ್ಪಾಯ್ತು ಅಂದ. ಸಣ್ಣವ್ವ, ಕೇಳಿಸಲಿಲ್ಲ ಅಂದಳು. ಇನ್ನೊಂದು ಸಲ ಅಂದ. ಸರಿ ಬಿಡಿ ಅಂದಳು, ಆದರೆ ಕಣ್ಣು ಒರಸಿಕೊಂಡಳು. ಆಮೇಲೆ ಮಾಳಕ್ಕನನ್ನ ಕರೆಸಿದರು, ನುಂಕಪ್ಪನನ್ನೂ ಕರೆಸಿದರು. ಶಾಲು ಹೊದ್ದೇ ಬಂದ ನುಂಕಪ್ಪನಿಗೆ ಸಂಗತಿ ತಿಳಿಸಿದರು. ಶಾಲು ಭುಜದಿಂದ ಜಾರಿತು. ಹೆಂಡತಿ ಕಡೆ ತಿರುಗಿ, ನಾನು ನಿನಗೆ ಏನು ಕಡಿಮೆ ಮಾಡಿದ್ದೆ, ಹೊಡೆದೆನಾ, ಬೈದೆನಾ, ಯಾಕೆ ಹೀಗೆ ಮಾಡಿದೆ ಅಂತ ಕೇಳಿದ.

ಮಾಳಕ್ಕ ಅವನನ್ನ ನೆಟ್ಟಗೆ ನೋಡಿದಳು. "ಸೀಮೆಗೆಲ್ಲ ರುಚಿ ಹೇಳೋ ನಾಲಿಗೆ ನಿಂದು. ನನ್ನ ಸಾರಿಗೆ ಉಪ್ಪು ಹೆಚ್ಚಾಯ್ತಾ, ಕಡಿಮೆಯಾಯ್ತಾ ಅಂತ ಒಂದು ದಿನ ಹೇಳಿದ್ದೀಯಾ?"

ನುಂಕಪ್ಪ ಜಾರಿದ ಶಾಲನ್ನ ಮಡಿಚಿ ಕೆಳಗಿಟ್ಟ. ಯಾವಾಗಲಾದರೂ ಉಂಡಿದ್ದರೆ ತಾನೇ ಹೇಳೋದು? ನಾಗತಿ ನೋಡ್ತಾಳೆ, ನಾಯಕ ಓರೆಗಣ್ಣಿನಿಂದ ತನ್ನನ್ನೇ ನೋಡ್ತಿದ್ದಾನೆ.

ತೀರ್ಪು ಹೇಳಬೇಕಲ್ಲ. ಡಂಗುರದ ಮಾತು ಏನಾಗಬೇಕು? ನಾಯಕ ಗಂಟಲು ಸರಿಮಾಡಿಕೊಂಡ. ಡಂಗುರ ಹೊಡೆಸಿದ್ದು ನನಗೆ ವಿಷ ಹಾಕಿದವರಿಗೆ, ನನಗೆ ಯಾರೂ ಹಾಕಿಲ್ಲ, ಆದ್ದರಿಂದ ಬಂಡೆ ತಂಟೆ ಇಲ್ಲ ಅಂದ. ಅದು ಅವನೇ ಯೋಚಿಸಿದ್ದು. ನಾಗತಿಗೂ ಹೊಳೆದಿರಲಿಲ್ಲ, ಅವಳು ಅವತ್ತು ಗಂಡನನ್ನ ಹೊಸದಾಗಿ ನೋಡಿದಳು. ಆದರೆ ತಪ್ಪು ತಪ್ಪೇ. ಕತ್ತಲೆಯಲ್ಲಿ ಕೂತು ಬಂದವಳು ಸಣ್ಣವ್ವ, ಮಾಳಕ್ಕನಿಗೆ ಶಿಕ್ಷೆ ಅವಳೇ ಹೇಳಲಿ ಅಂತ ನಾಗತಿ ಅಂದಳು. ಸಣ್ಣವ್ವ ಆ ತೆಳ್ಳನೆ ಹೆಂಗಸನ್ನ ಅಡಿಯಿಂದ ಮುಡಿವರೆಗೆ ನೋಡಿ, ದೀಪಾವಳಿವರೆಗೆ ನನ್ನ ಅಡುಗೆಮನೆಯಲ್ಲಿ ಅರೆಯೋದು, ರುಬ್ಬೋದು, ನನ್ನ ಬೈಗುಳ ಕೇಳೋದು ಅಂದಳು. ಮಾಳಕ್ಕ ಕಾಲಿಗೆ ಬಿದ್ದಳು. ಇನ್ನು ನುಂಕಪ್ಪ? ಅವನ ಕೆಲಸ ಹೋಯ್ತು. ನಾಯಕನಿಗೆ ಈಗ ಬಿಸಿ ಅನ್ನದ ರುಚಿ ಹತ್ತಿತ್ತು, ಒಂದೇ ತಟ್ಟೆಯಲ್ಲಿ ಉಣ್ಣೋ ಜೊತೆಯೂ ಸಿಕ್ಕಿತ್ತು. ನುಂಕಪ್ಪನನ್ನ ಕೋಟೆಯ ಕಣಜ ಕಾಯೋಕೆ ಹಾಕಿ, ಎರಡು ಹೊತ್ತೂ ಮನೆಯಲ್ಲೇ ಉಣ್ಣಬೇಕು, ಉಂಡದ್ದು ಹೇಗಿತ್ತು ಅಂತ ಬಾಯಿಬಿಟ್ಟು ಹೇಳಬೇಕು ಅಂತ ಅಪ್ಪಣೆ ಮಾಡಿದ.

ಆಮೇಲಿನದನ್ನ ನಾಗತಿಗೆ ಹೇಳಿದ್ದು ಸಣ್ಣವ್ವ. ಸಣ್ಣವ್ವನಿಗೆ ಹೇಳಿದ್ದು ರುಬ್ಬೋ ಕಲ್ಲಿನ ಮುಂದೆ ಕೂತ ಮಾಳಕ್ಕ.

ಮೊದಲ ದಿನ ನುಂಕಪ್ಪ ತಟ್ಟೆ ಮುಂದೆ ಕೂತು, ತಟ್ಟೆಯನ್ನೇ ದಿಟ್ಟಿಸಿದ. ರುಚಿಗಾರನಿಗೆ ರುಚಿ ನೋಡೋರು ಯಾರು? ಮಾಳಕ್ಕ ಮಾತಿಲ್ಲದೆ ಅವನ ತಟ್ಟೆಯಿಂದ ಒಂದು ತುತ್ತು ತಿಂದು ತೋರಿಸಿದಳು. ಅವನು ಉಂಡ. ಕಣ್ಣು ತುಂಬ ನೀರು. ಉಪ್ಪು ಹೆಚ್ಚು ಅಂದ, ಎಷ್ಟು ಹೆಚ್ಚು ಅಂತ ಕೈ ಅಗಲಿಸಿ ತೋರಿಸಿದ. ಅವಳು ತಲೆ ಆಡಿಸಿದಳು. ಎರಡನೇ ದಿನ ಉಪ್ಪು ಇಳಿದಿತ್ತು, ಹುಳಿ ಏರಿತ್ತು. ಹುಳಿ ಹೆಚ್ಚು ಅಂದ. ಆದರೆ ಒಗ್ಗರಣೆಗೆ ಹೆಸರಿಡೋ ಹಾಗಿಲ್ಲ ಅಂತಲೂ ಅಂದ. ಅವಳು ಒಳಗೆ ಹೋಗಿ ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತಳು.

ಮೂರನೇ ದಿನ ಬಡಿಸಿ ಕೂತಳು. ಅವನು ಉಂಡ. ಏನೂ ಹೇಳಲಿಲ್ಲ. ತಟ್ಟೆ ಖಾಲಿಯಾಯ್ತು. ಅವಳು ಕಾದಳು. ಏನು ಹೆಚ್ಚಾಯ್ತು, ಏನು ಕಡಿಮೆಯಾಯ್ತು ಅಂತ ಕೊನೆಗೆ ಅವಳೇ ಕೇಳಿದಳು. ನುಂಕಪ್ಪ ನಾಯಕನ ಪಂಕ್ತಿಯಲ್ಲೂ ಅಷ್ಟು ಯೋಚಿಸಿರಲಿಲ್ಲ. ನಾಲಿಗೆ ಚಪ್ಪರಿಸಿದ, ಸೂರು ನೋಡಿದ, ಬೆರಳು ನೆಕ್ಕಿದ.

"ಒಂದು ಮುದ್ದೆಯಲ್ಲಿ ಗೊತ್ತಾಗೋದಿಲ್ಲ," ಅಂತ ತಟ್ಟೆ ಮುಂದಕ್ಕೆ ತಳ್ಳಿದ. "ಇನ್ನೊಂದು ಹಾಕು."

ಅವರು ಅಲ್ಲಿ ಉಂಡರು, ಕಥೆ ಎದ್ದು ಕೈ ತೊಳಕೊಂಡಿತು. ನೀವೂ ಏಳ್ರಿ, ನಿಮ್ಮ ನಿಮ್ಮ ಮನೆಯಲ್ಲಿ ಯಾರು ತಟ್ಟೆ ಹಾಕಿ ಕಾಯ್ತಿದ್ದಾರೋ ನೋಡಿಕೊಳ್ಳಿ.